ಪಟ್ಟಿಯಲ್ಲಿ ಇಲ್ಲದ ದೂರು

ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಬೀದಿದೀಪ ಇದೆ. ಕಳೆದ ವರ್ಷ ಅದಕ್ಕೆ ಏನಾಯಿತೋ ಏನೋ, ಹಗಲೆಲ್ಲ ಉರಿಯತೊಡಗಿತು. ಕತ್ತಲಾಗುತ್ತಿದ್ದ ಹಾಗೆ ಆರಿಹೋಗುತ್ತಿತ್ತು. ಬಿಸಿಲಲ್ಲಿ ಪೆಚ್ಚುಪೆಚ್ಚಾಗಿ ಬೆಳಗುವುದು, ರಾತ್ರಿ ಜನ ತಡವರಿಸುವಾಗ ತೆಪ್ಪಗಿರುವುದು. ಮೊದಲ ಎರಡು ದಿನ ನಕ್ಕೆವು. ಮೂರನೇ ದಿನ ಪಕ್ಕದ ಮನೆಯ ಅಜ್ಜ ಆ ತಿರುವಿನಲ್ಲಿ ಎಡವಿ ಬಿದ್ದರು. ದೊಡ್ಡ ಪೆಟ್ಟೇನೂ ಆಗಲಿಲ್ಲ, ಮೊಣಕೈ ತರಚಿತು. ಅವತ್ತು ರಾತ್ರಿ ನಾನು ದೂರು ಕೊಡುವ ಆಪ್ ಇಳಿಸಿಕೊಂಡೆ.

ಸುಳ್ಳು ಹೇಳಬಾರದು, ಆಪ್ ನೋಡಲು ಚೆನ್ನಾಗಿಯೇ ಇತ್ತು. ದೊಡ್ಡ ಅಕ್ಷರ, ತಿಳಿ ಬಣ್ಣ. ಫೋನ್ ನಂಬರ್ ಕೊಟ್ಟೆ, ಒಟಿಪಿ ಬಂತು, ನಕ್ಷೆಯ ಮೇಲೆ ಜಾಗ ಗುರುತು ಮಾಡಿದೆ. ಆಮೇಲೆ "ನಿಮ್ಮ ಸಮಸ್ಯೆ ಏನು?" ಅಂತ ಒಂದು ಪಟ್ಟಿ ತೆರೆದುಕೊಂಡಿತು. ದೀಪ ಉರಿಯುತ್ತಿಲ್ಲ. ದೀಪ ಮಿನುಗುತ್ತಿದೆ. ಕಂಬ ವಾಲಿದೆ. ತಂತಿ ಜೋತು ಬಿದ್ದಿದೆ. ಅಷ್ಟೇ. "ಇತರೆ" ಅನ್ನುವ ಸಾಲು ಇರಲಿಲ್ಲ. ಎರಡು ಮಾತು ಬರೆಯೋಣ ಅಂದರೆ ಖಾಲಿ ಜಾಗವೂ ಇರಲಿಲ್ಲ. ನಮ್ಮ ದೀಪದ ಕಾಯಿಲೆ ಈ ನಾಲ್ಕರಲ್ಲಿ ಯಾವುದೂ ಅಲ್ಲ. ರಾತ್ರಿಯ ಮಟ್ಟಿಗೆ ನಿಜ ತಾನೇ ಅಂದುಕೊಂಡು "ದೀಪ ಉರಿಯುತ್ತಿಲ್ಲ" ಒತ್ತಿದೆ.

ಮರುದಿನ ಮಧ್ಯಾಹ್ನ ಫೋನ್ ಟಿಂಗ್ ಅಂತು. "ನಿಮ್ಮ ದೂರು ಬಗೆಹರಿದಿದೆ." ಜೊತೆಗೆ ಸಾಕ್ಷಿಗೆ ಒಂದು ಫೋಟೊ. ಸುಡುಬಿಸಿಲು, ನೀಲಿ ಆಕಾಶ, ಅದರ ಕೆಳಗೆ ಜೋರಾಗಿ ಉರಿಯುತ್ತಿರುವ ನಮ್ಮ ದೀಪ.

ಮತ್ತೆ ದೂರು ಕೊಟ್ಟೆ. ಮತ್ತೆ ಅದೇ ಕತೆ. ಈ ಸಲ ಫೋಟೊ ಬೇರೆ ದಿಕ್ಕಿನಿಂದ ತೆಗೆದಿದ್ದರು. "ದೂರನ್ನು ಮತ್ತೆ ತೆರೆಯಿರಿ" ಅನ್ನುವ ಬಟನ್ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ಐದು ನಕ್ಷತ್ರ. ನಮ್ಮ ಸೇವೆ ಹೇಗಿತ್ತು ಹೇಳಿ, ಅಂತ.

ಸಿಟ್ಟು ಮಾಡಿಕೊಳ್ಳೋಣ ಅಂದರೆ ಯಾರ ಮೇಲೆ? ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ನನ್ನ ದೂರು ನಿಜ. ಅವರ ಫೋಟೊ ನಿಜ. ಆಪ್ ತನಗೆ ಹೇಳಿಕೊಟ್ಟ ಹಾಗೆ ನಡೆದುಕೊಂಡಿದೆ. ಆದರೂ ರಸ್ತೆ ಕತ್ತಲು. ಅವತ್ತಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಸಾರ್ವಜನಿಕರಿಗೆ ಅಂತ ಮಾಡಿದ ಯಾವ ಪರದೆ ನೋಡಿದರೂ ಅದರಲ್ಲಿ ಏನಿದೆ ಅನ್ನುವುದಕ್ಕಿಂತ ಮೊದಲು ಏನಿಲ್ಲ ಅಂತ ಹುಡುಕುತ್ತೇನೆ.

ಡಿಸೈನ್ ಅಂದರೆ ನಾವು ಬಣ್ಣ, ಅಂದ, ಚಂದ ಅಂದುಕೊಳ್ಳುತ್ತೇವೆ. ಆದರೆ ಆ ನಾಲ್ಕು ಸಾಲಿನ ಪಟ್ಟಿಯನ್ನು ಯಾರೋ ಒಬ್ಬರು ಎಲ್ಲೋ ಕೂತು ಬರೆದಿದ್ದಾರಲ್ವಾ? ಬಹುಶಃ ಹಳೆಯ ದೂರುಗಳ ಕಡತ ನೋಡಿ, ಜಾಸ್ತಿ ಬರುವ ನಾಲ್ಕನ್ನು ಆರಿಸಿಕೊಂಡಿರಬಹುದು. ಅವರಿಗೆ ಅದು ಅರ್ಧ ಗಂಟೆಯ ಕೆಲಸ. ನಮಗೆ ಅದು ಕಾನೂನಿದ್ದ ಹಾಗೆ. ಕಾನೂನಾದರೆ ಕರಡು ಬರುತ್ತದೆ, ಚರ್ಚೆ ಆಗುತ್ತದೆ, ಪತ್ರಿಕೆಯಲ್ಲಿ ಬೈಗುಳ ಬರುತ್ತದೆ. ಪಟ್ಟಿಗೆ ಅದ್ಯಾವುದೂ ಇಲ್ಲ. ಈ ಊರಿನಲ್ಲಿ ಯಾವ ಯಾವ ಕಷ್ಟ ಇರಬಹುದು ಅಂತ ತೀರ್ಮಾನ ಮಾಡಿದವರಿಗೆ ತಾವು ತೀರ್ಮಾನ ಮಾಡಿದ್ದೇವೆ ಅಂತಲೇ ಗೊತ್ತಿರುವುದಿಲ್ಲ.

ಇದು ಫೋನ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಲ್ಲ. 2000ದ ಅಮೆರಿಕ ಅಧ್ಯಕ್ಷ ಚುನಾವಣೆಯನ್ನೇ ನೋಡಿ. ಫ್ಲಾರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದವರು ಜಾಸ್ತಿ. ಅವರಿಗೆ ಓದಲು ಕಷ್ಟವಾಗದಿರಲಿ ಅಂತ ಅಲ್ಲಿನ ಚುನಾವಣಾ ಅಧಿಕಾರಿ ಮತಪತ್ರದಲ್ಲಿ ಅಕ್ಷರ ದೊಡ್ಡದು ಮಾಡಿಸಿದರು. ಅಕ್ಷರ ದೊಡ್ಡದಾದಾಗ ಹೆಸರುಗಳು ಒಂದೇ ಪುಟದಲ್ಲಿ ಹಿಡಿಯಲಿಲ್ಲ. ಹಾಗಾಗಿ ಎಡಪುಟದಲ್ಲಿ ಕೆಲವು ಹೆಸರು, ಬಲಪುಟದಲ್ಲಿ ಕೆಲವು, ನಡುವೆ ಮತ ಹಾಕಲು ತೂತು ಒತ್ತುವ ಒಂದೇ ಸಾಲು. ಪುಸ್ತಕ ಬಿಡಿಸಿದ ಹಾಗೆ, ಚಿಟ್ಟೆ ರೆಕ್ಕೆ ಬಿಡಿಸಿದ ಹಾಗೆ. ಅದಕ್ಕೇ ಆ ಮತಪತ್ರಕ್ಕೆ ಚಿಟ್ಟೆಯ ಹೆಸರೇ ಅಂಟಿಕೊಂಡಿತು.

ಮುಖ್ಯ ಪೈಪೋಟಿ ಬುಷ್ ಮತ್ತು ಗೋರ್ ನಡುವೆ. ಎಡಪುಟದಲ್ಲಿ ಮೊದಲ ಹೆಸರು ಬುಷ್, ಎರಡನೆಯದು ಗೋರ್. ಆದರೆ ಮೇಲಿನಿಂದ ಎರಡನೇ ತೂತು ಗೋರ್ ಅವರದಲ್ಲ, ಬಲಪುಟದಲ್ಲಿದ್ದ ಬುಕಾನನ್ ಅನ್ನುವ ಸಣ್ಣ ಪಕ್ಷದ ಅಭ್ಯರ್ಥಿಯದು. ಗೋರ್ ಅವರದು ಮೂರನೆಯದು. ಬಾಣದ ಗುರುತು ಇತ್ತು, ನಿಜ. ಆದರೆ ಮತಗಟ್ಟೆಯೊಳಗೆ ನಿಂತ ಮನುಷ್ಯ ಬಾಣ ಹಿಡಿದು ಹೋಗುವುದಿಲ್ಲ. ಎರಡನೇ ಹೆಸರಿಗೆ ಎರಡನೇ ತೂತು ಅಂತ ಕೈ ತಾನಾಗಿಯೇ ಹೋಗುತ್ತದೆ. ಆ ಕೌಂಟಿಯಲ್ಲಿ ಬುಕಾನನ್ ಅವರಿಗೆ 3,407 ಮತ ಬಿತ್ತು. ಅಷ್ಟು ಮತ ನನ್ನದಾಗಿರಲಿಕ್ಕಿಲ್ಲ ಅಂತ ಅವರೇ ಟಿವಿಯಲ್ಲಿ ಒಪ್ಪಿಕೊಂಡರು. ಇನ್ನು ಒಂದಕ್ಕಿಂತ ಜಾಸ್ತಿ ತೂತು ಒತ್ತಿ ತಿರಸ್ಕಾರವಾದ ಮತಪತ್ರಗಳು 19,000ಕ್ಕೂ ಮೇಲೆ. ಬುಷ್ ಇಡೀ ಫ್ಲಾರಿಡಾವನ್ನು ಗೆದ್ದದ್ದು 537 ಮತಗಳಿಂದ. ಫ್ಲಾರಿಡಾ ಗೆದ್ದದ್ದರಿಂದಲೇ ಅಧ್ಯಕ್ಷರೂ ಆದರು.

ನನ್ನನ್ನು ಜಾಸ್ತಿ ಕಾಡುವುದು ಈ ಲೆಕ್ಕವಲ್ಲ. ಆ ಮತಪತ್ರ ಮಾಡಿದ ಅಧಿಕಾರಿ ಆಗ ಗೋರ್ ಅವರ ಪಕ್ಷಕ್ಕೇ ಸೇರಿದವರು. ಮೋಸ ಮಾಡುವ ಉದ್ದೇಶ ಇರಲಿಲ್ಲ, ವಯಸ್ಸಾದವರ ಕಣ್ಣಿನ ಮೇಲಿನ ಕರುಣೆ ಇತ್ತು. ಕರುಣೆಯಿಂದ ಅಕ್ಷರ ದೊಡ್ಡದಾಯಿತು, ದೊಡ್ಡ ಅಕ್ಷರದಿಂದ ಪುಟ ಎರಡಾಯಿತು, ಎರಡು ಪುಟದಿಂದ ಮತ ಬೇರೆಯವರಿಗೆ ಹೋಯಿತು. ಪಿತೂರಿ ಆಗಿದ್ದರೆ ಕಂಡುಹಿಡಿದು ಶಿಕ್ಷೆ ಕೊಡಬಹುದಿತ್ತು. ಇದಕ್ಕೆ ಯಾರಿಗೆ ಏನು ಮಾಡುತ್ತೀರಿ?

ದೀಪದ ವಿಷಯಕ್ಕೆ ಬರುತ್ತೇನೆ. ಆ ದಿನಗಳಲ್ಲಿ ಬೇರೆ ಕಡೆ ಇಂಥ ದೂರುಗಳನ್ನು ಹೇಗೆ ತೆಗೆದುಕೊಳ್ಳುತ್ತಾರೆ ಅಂತ ನೋಡುತ್ತಾ ಹೋದೆ. ಬ್ರಿಟನ್ನಿನಲ್ಲಿ ಮೈಸೊಸೈಟಿ ಅನ್ನುವ ಸಂಸ್ಥೆ 2007ರಲ್ಲಿ ಶುರು ಮಾಡಿದ ಫಿಕ್ಸ್‌ಮೈಸ್ಟ್ರೀಟ್ ಅಂತ ಒಂದು ತಾಣ ಇದೆ. ರಸ್ತೆಗುಂಡಿ, ಒಡೆದ ಕಾಲುದಾರಿ, ಕೆಟ್ಟ ದೀಪ, ಎಲ್ಲಕ್ಕೂ. ನೋಡಲು ಏನೂ ವಿಶೇಷ ಇಲ್ಲ, ಒಂದು ನಕ್ಷೆ, ಅದರ ಮೇಲೆ ಗುರುತುಗಳು. ಆದರೆ ಅದನ್ನು ಮಾಡಿದವರು ಮೂರು ಕಡೆ ತಲೆ ಓಡಿಸಿದ್ದಾರೆ.

ಒಂದು, ನಿಮ್ಮ ಗುಂಡಿ ಯಾವ ಇಲಾಖೆಗೆ ಸೇರಿದ್ದು ಅಂತ ನಿಮಗೆ ಗೊತ್ತಿರಬೇಕಾಗಿಲ್ಲ. ಜಾಗ ತೋರಿಸಿದರೆ ಸಾಕು, ಯಾವ ಕಚೇರಿಗೆ ಕಳಿಸಬೇಕು ಅಂತ ಅದೇ ನೋಡಿಕೊಳ್ಳುತ್ತದೆ. ಕಚೇರಿಗಳ ಗಡಿ ಕಚೇರಿಯವರ ತಲೆನೋವು, ಗುಂಡಿಗೆ ಬಿದ್ದವರದಲ್ಲ. ಎರಡು, ಅಲ್ಲಿ ಕೊಟ್ಟ ದೂರು ಎಲ್ಲರಿಗೂ ಕಾಣುತ್ತದೆ. ನಿಮಗಿಂತ ಮೊದಲು ಯಾರಾದರೂ ಅದೇ ಗುಂಡಿಯ ಬಗ್ಗೆ ಬರೆದಿದ್ದರೆ ಗೊತ್ತಾಗುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನಾಲ್ಕು ವಾರ ಕಳೆದ ಮೇಲೆ ಅದು ದೂರು ಕೊಟ್ಟವರಿಗೇ ಪತ್ರ ಬರೆದು ಕೇಳುತ್ತದೆ, ಸರಿಹೋಯಿತಾ ಅಂತ.

ಮುಗಿಯಿತು ಅಂತ ಹೇಳುವವರು ಯಾರು? ನಮ್ಮ ಆಪ್‌ನಲ್ಲಿ ಆ ಬಟನ್ ಇದ್ದದ್ದು ಕೆಲಸ ಮಾಡಬೇಕಾದವರ ಕೈಯಲ್ಲಿ ಮಾತ್ರ. ಪರೀಕ್ಷೆ ಬರೆದವನೇ ಉತ್ತರಪತ್ರಿಕೆ ತಿದ್ದಿದ ಹಾಗೆ. ಅಲ್ಲಿ ಆ ಮಾತು ಕತ್ತಲಲ್ಲಿ ನಡೆಯುವವರದೂ ಹೌದು. ಇಷ್ಟೇ ವ್ಯತ್ಯಾಸ. ಪರದೆಯ ಮೇಲೆ ಎರಡು ಇಂಚು ಜಾಗ ಬೇಕಾಗುತ್ತದೆಯೇನೋ.

ದೂರು ಎಲ್ಲರಿಗೂ ಕಾಣುವುದೂ ಸಣ್ಣ ಮಾತಲ್ಲ. ನಾನು ಎರಡು ಸಲ ದೂರು ಕೊಟ್ಟ ವಿಷಯ ಎದುರುಮನೆಯವರ ಹತ್ತಿರ ಹೇಳಿದಾಗ ಅವರು ನಕ್ಕುಬಿಟ್ಟರು. "ನಾನೂ ಮೂರು ಸಲ ಹಾಕಿದೀನಿ ಮಾರಾಯ್ರೇ." ಅವರ ಫೋನಿನಲ್ಲೂ ಅದೇ ಬಿಸಿಲು, ಅದೇ ದೀಪ. ತಿರುವಿನ ಸುತ್ತಮುತ್ತ ನಾಲ್ಕು ಮನೆಯವರು ಬೇರೆ ಬೇರೆಯಾಗಿ ದೂರು ಕೊಟ್ಟಿದ್ದೆವು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಹಿಂದೆ ಹೀಗಾಗಿದ್ದರೆ ನಾಲ್ಕು ಜನ ದೀಪದ ಕೆಳಗೆ ಸೇರಿ ಬೈದು, ಒಟ್ಟಿಗೆ ಒಂದು ಅರ್ಜಿ ಬರೆದು, ಸಹಿ ಹಾಕುತ್ತಿದ್ದರು. ಆಪ್ ನಮ್ಮನ್ನು ನಾಲ್ಕು ಗಿರಾಕಿಗಳನ್ನಾಗಿ ಮಾಡಿತು. ಒಬ್ಬೊಬ್ಬ ಗಿರಾಕಿಗೂ ಒಂದೊಂದು ದೂರಿನ ಸಂಖ್ಯೆ, ಒಂದೊಂದು ನಕ್ಷತ್ರದ ಸಾಲು. ನಾವು ನೆರೆಹೊರೆಯವರು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಗೊತ್ತುಮಾಡಿಕೊಳ್ಳುವ ಜಾಗವನ್ನೇ ಯಾರೂ ಇಟ್ಟಿಲ್ಲ.

ಅಜ್ಜ ಮಾತ್ರ ದೂರು ಕೊಟ್ಟಿರಲಿಲ್ಲ. ಬಿದ್ದವರು ಅವರೇ. ಅವರ ಫೋನಿನಲ್ಲಿ ಆಪ್ ಹಾಕಿಕೊಡಲು ಹೋದೆ. ಒಟಿಪಿ ಬರುವುದು, ಅದನ್ನು ನೋಡಲು ಅವರು ಇನ್ನೊಂದು ಪರದೆಗೆ ಹೋಗುವುದು, ವಾಪಸ್ ಬರುವಷ್ಟರಲ್ಲಿ ಸಮಯ ಮುಗಿದಿರುವುದು. ಮೂರು ಸಲ ಹೀಗೇ ಆಯಿತು. ನಾಲ್ಕನೇ ಸಲ ಫೋನನ್ನು ನನ್ನ ಕೈಗೆ ಕೊಟ್ಟು ಅಂದರು: "ಮೊದಲು ಕಚೇರಿಗೆ ಹೋದ್ರೆ ಬೈಯೋಕಾದ್ರೂ ಒಬ್ಬ ಮನುಷ್ಯ ಸಿಗ್ತಿದ್ದ ಕಣಪ್ಪ."

ನಾನು ನಗಲಿಲ್ಲ. ಆದರೆ ಪೂರ್ತಿ ಒಪ್ಪಲೂ ಇಲ್ಲ. ಕಚೇರಿಯ ಕಿಟಕಿ ಎಲ್ಲರಿಗೂ ಒಂದೇ ಥರ ತೆರೆದುಕೊಳ್ಳುತ್ತಿತ್ತಾ? ಅಜ್ಜನ ಬಿಳಿ ಶರ್ಟು, ತಿದ್ದಿದ ಭಾಷೆ ನೋಡಿ ಅವರಿಗೆ ಕುರ್ಚಿ ಕೊಡುತ್ತಿದ್ದರು. ಕೂಲಿ ಬಿಟ್ಟು ಬಂದವರನ್ನು, ಕೈಗೂಸು ಎತ್ತಿಕೊಂಡು ಬಂದವಳನ್ನು ನಾಳೆ ಬಾ ಅನ್ನುತ್ತಿದ್ದರು. ಬಂದವರು ಯಾರು ಅಂತ ಆಪ್ ಮುಖ ನೋಡುವುದಿಲ್ಲ, ಅದೊಂದು ಒಳ್ಳೆಯದು. ಆದರೆ ಮುಖ ನೋಡದೆಯೂ ಜನರನ್ನು ಹೊರಗೆ ನಿಲ್ಲಿಸಲು ಬರುತ್ತದೆ. ಕಣ್ಣು ಕಾಣದವರ ಫೋನು ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ಮಾಡಿದವರು ಚಿತ್ರದ ಬಟನ್‌ಗಳಿಗೆ ಹೆಸರು ಬರೆಯದೆ ಬಿಟ್ಟರೆ ಅದು ಸುಮ್ನೆ "ಬಟನ್, ಬಟನ್, ಬಟನ್" ಅಂತ ಓದುತ್ತಾ ಹೋಗುತ್ತದೆ. ಅಲ್ಲಿ ಬಾಗಿಲು ಹಾಕಿದವರು ಯಾರೂ ಇಲ್ಲ, ಆದರೂ ಬಾಗಿಲು ಹಾಕಿದೆ.

ಇದರ ಇನ್ನೊಂದು ಮುಖ ಬಾಸ್ಟನ್ ನಗರದಲ್ಲಿ ಕಂಡಿತ್ತು. 2012ರ ಹೊತ್ತಿಗೆ ಅಲ್ಲಿ ಸ್ಟ್ರೀಟ್ ಬಂಪ್ ಅನ್ನುವ ಆಪ್ ಬಂತು. ಜನ ಏನೂ ಮಾಡಬೇಕಾಗಿರಲಿಲ್ಲ. ಕಾರಿನಲ್ಲಿ ಫೋನ್ ಇಟ್ಟುಕೊಂಡು ಹೋದರೆ ಸಾಕು, ಗುಂಡಿಗೆ ಇಳಿದಾಗ ಆಗುವ ಕುಲುಕಾಟವನ್ನು ಫೋನೇ ಗುರುತಿಸಿ ನಗರಾಡಳಿತಕ್ಕೆ ಕಳಿಸುತ್ತಿತ್ತು. ದೂರು ಕೊಡುವ ಶ್ರಮವೂ ಇಲ್ಲ, ಎಂಥ ಜಾಣ ಉಪಾಯ! ಆದರೆ ಸ್ಮಾರ್ಟ್‌ಫೋನು, ಕಾರು ಎರಡೂ ಇರುವವರು ಎಲ್ಲಿ ಓಡಾಡುತ್ತಾರೆ? ಅಲ್ಲಿಯ ಗುಂಡಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬಡವರ, ಮುದುಕರ ಬೀದಿಯ ಗುಂಡಿಗಳು ನಕ್ಷೆಯಲ್ಲಿ ಇರುವುದೇ ಇಲ್ಲ. ನಕ್ಷೆ ನೋಡಿದ ಅಧಿಕಾರಿಗೆ ಅಲ್ಲಿ ರಸ್ತೆ ನುಣ್ಣಗಿದೆ ಅಂತ ಕಾಣುತ್ತದೆ. ಬಾಸ್ಟನ್ನಿನವರಿಗೆ ಈ ಅಪಾಯ ಹೊಳೆದಿತ್ತು. ಹಾಗಾಗಿ ಎಲ್ಲ ಬೀದಿಗೂ ಸಮನಾಗಿ ಹೋಗುವ ತಮ್ಮ ರಸ್ತೆ ತಪಾಸಣೆಯವರ ಕೈಗೆ ಅದನ್ನು ಮೊದಲು ಕೊಟ್ಟರು. ಉಳಿದ ಎಷ್ಟು ಕಡೆ ಹೀಗೆ ಹೊಳೆಯುತ್ತದೆ?

ಕಾಟಾಚಾರದ ಡಿಸೈನ್ ಅಂತಲೂ ಒಂದಿದೆ. ಒಮ್ಮೆ ಒಂದು ಕರಡು ನಿಯಮಕ್ಕೆ ಸಾರ್ವಜನಿಕರ ಆಕ್ಷೇಪಣೆ ಕರೆದಿದ್ದಾರೆ ಅಂತ ಗೊತ್ತಾಗಿ ಓದಲು ಕೂತೆ. ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ ಫೈಲು, ನೂರಕ್ಕೂ ಜಾಸ್ತಿ ಪುಟ. ಹುಡುಕಲು ಒಂದು ಪದ ಹಾಕಿದರೆ ಸಿಗುವುದಿಲ್ಲ, ಯಾಕೆಂದರೆ ಕಂಪ್ಯೂಟರಿಗೆ ಅದು ಅಕ್ಷರವಲ್ಲ, ಚಿತ್ರ. ಕೆಲವು ಪುಟ ತಲೆಕೆಳಗು. ಜನರ ಅಭಿಪ್ರಾಯ ಕೇಳಿದ್ದೇವೆ ಅಂತ ಕಡತದಲ್ಲಿ ಬರೆದಿರುತ್ತಾರೆ. ಹೌದು, ಕೇಳಿದ್ದಾರೆ. ಕುತ್ತಿಗೆ ತಿರುಗಿಸಿಕೊಂಡು ಓದಲು ಬಂದವರನ್ನು.

ಸರಿ, ಎಲ್ಲವನ್ನೂ ಸುಲಭ ಮಾಡಿಬಿಟ್ಟರೆ ಆಯಿತಲ್ಲ ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಸುಲಭಕ್ಕೂ ಒಂದು ಬೆಲೆ ಇದೆ. ಬ್ರಿಟನ್ ಪ್ರಧಾನಿ ಕಚೇರಿಯ ತಾಣದಲ್ಲಿ 2006ರ ಕೊನೆಗೆ ಆನ್‌ಲೈನ್ ಅರ್ಜಿಗಳು ಶುರುವಾದವು. ಕೆಲವೇ ತಿಂಗಳಲ್ಲಿ, ರಸ್ತೆ ಬಳಕೆಗೆ ಶುಲ್ಕ ಹಾಕುವ ಯೋಚನೆಯ ವಿರುದ್ಧದ ಒಂದು ಅರ್ಜಿಗೆ 18 ಲಕ್ಷ ಸಹಿ ಬಿತ್ತು. ಪ್ರಧಾನಿ ಟೋನಿ ಬ್ಲೇರ್ ಸಹಿ ಹಾಕಿದವರಿಗೆಲ್ಲ ಇಮೇಲ್‌ನಲ್ಲಿ ಉತ್ತರ ಬರೆಯಬೇಕಾಯಿತು. ದೇಶದ ಮಟ್ಟದಲ್ಲಿ ಆ ಶುಲ್ಕ ಬರಲೇ ಇಲ್ಲ. ಆಮೇಲೆ ಅದಕ್ಕೆ ಮೆಟ್ಟಿಲು ಮಾಡಿದರು. 10,000 ಸಹಿ ಆದರೆ ಸರ್ಕಾರದ ಉತ್ತರ, 1,00,000 ಆದರೆ ಸಂಸತ್ತಿನಲ್ಲಿ ಚರ್ಚೆಗೆ ಪರಿಗಣನೆ. 2019ರಲ್ಲಿ ಯುರೋಪಿಯನ್ ಒಕ್ಕೂಟ ಬಿಡುವ ತೀರ್ಮಾನವನ್ನು ಹಿಂದಕ್ಕೆ ತೆಗೆದುಕೊಳ್ಳಿ ಅನ್ನುವ ಅರ್ಜಿಗೆ 60 ಲಕ್ಷಕ್ಕೂ ಜಾಸ್ತಿ ಸಹಿ ಬಂತು. ನೂಕುನುಗ್ಗಲಿಗೆ ತಾಣವೇ ಕುಸಿದುಬಿತ್ತು. ಸರ್ಕಾರ ಆಗುವುದಿಲ್ಲ ಅಂದಿತು, ಏಪ್ರಿಲ್ 1ರಂದು ಚರ್ಚೆ ನಡೆಯಿತು, ಮುಗಿಯಿತು.

60 ಲಕ್ಷ ಜನ ಬೀದಿಗೆ ಇಳಿದಿದ್ದರೆ ಹಾಗೆ ಮುಗಿಯುತ್ತಿತ್ತಾ? ಮನೆಯಿಂದ ಹೊರಟು, ಬಿಸಿಲಲ್ಲಿ ನಿಂತು, ಅರ್ಧ ದಿನದ ಕೆಲಸ ಕೆಡಿಸಿಕೊಂಡು ಬಂದವನ ಮಾತಿಗೆ ಒಂದು ತೂಕ ಇರುತ್ತದೆ. ಆ ತೂಕ ಅವನು ಪಟ್ಟ ಕಷ್ಟದ್ದು. ಕಷ್ಟ ಕಳೆದಾಗ ತೂಕವೂ ಸ್ವಲ್ಪ ಕಳೆಯಿತು. ಹಾಗಂತ ಕಷ್ಟ ಕೊಡಬೇಕು ಅನ್ನುತ್ತಿಲ್ಲ. ಅಜ್ಜ ಯಾವ ಮೆರವಣಿಗೆಗೂ ಹೋಗಲಾರರು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬಟನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಪ್ರಯೋಗ ಫೇಸ್‌ಬುಕ್ ಮಾಡಿದ್ದು. 2010ರ ನವೆಂಬರ್ 2ರಂದು, ಅಮೆರಿಕದ ಮಧ್ಯಂತರ ಚುನಾವಣೆಯ ದಿನ, ಸುಮಾರು 6 ಕೋಟಿ ಜನರ ಪುಟದ ಮೇಲ್ಗಡೆ ಒಂದು ಸೂಚನೆ ಬಂತು. ಇವತ್ತು ಚುನಾವಣೆ, ನಿಮ್ಮ ಮತಗಟ್ಟೆ ಎಲ್ಲಿದೆ ನೋಡಿ, ಮತ ಹಾಕಿದ್ದರೆ ಈ ಬಟನ್ ಒತ್ತಿ ಅಂತ. ಜೊತೆಗೆ, ಆಗಲೇ ಒತ್ತಿದ ಗೆಳೆಯರ ಪುಟ್ಟ ಪುಟ್ಟ ಮುಖಗಳು. ಇನ್ನು ಸುಮಾರು 6 ಲಕ್ಷ ಜನರಿಗೆ ಅದೇ ಸೂಚನೆ, ಮುಖಗಳಿಲ್ಲದೆ. ಅಷ್ಟೇ ಜನರಿಗೆ ಏನೂ ಇಲ್ಲ. ಆಮೇಲೆ ಸಂಶೋಧಕರು ಮತದಾರರ ದಾಖಲೆಗಳ ಜೊತೆ ಹೋಲಿಸಿ 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಬರೆದರು. ಮುಖಗಳಿದ್ದ ಸೂಚನೆ ಜನರನ್ನು ಮತಗಟ್ಟೆಗೆ ಎಬ್ಬಿಸಿ ಕಳಿಸಿತ್ತು. ನೇರವಾಗಿ, ಮತ್ತು ಗೆಳೆಯರಿಂದ ಗೆಳೆಯರಿಗೆ ಹಬ್ಬಿ, ಒಟ್ಟು 3,40,000ದಷ್ಟು ಹೆಚ್ಚುವರಿ ಮತ ಅಂತ ಅವರ ಅಂದಾಜು. ಮುಖಗಳಿಲ್ಲದ ಸೂಚನೆ, ಏನೂ ತೋರಿಸದಿದ್ದಷ್ಟೇ.

ಇದನ್ನು ಓದಿದಾಗ ಖುಷಿಯೂ ಆಯಿತು, ಮೈ ಜುಮ್ ಅಂತಲೂ ಅಂತು. ಮನುಷ್ಯ ಮನುಷ್ಯನನ್ನು ನೋಡಿ ಮತ ಹಾಕಲು ಎದ್ದು ಹೋಗುತ್ತಾನೆ, ಮಾಹಿತಿ ನೋಡಿ ಅಲ್ಲ. ಅದು ಖುಷಿ. ಆದರೆ ಆ ಮುಖಗಳನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನುವುದು ಒಂದು ಕಂಪನಿಯ ಒಳಗೆ ತೀರ್ಮಾನವಾಗುತ್ತದೆ. 537 ಮತಕ್ಕೆ ಅಧ್ಯಕ್ಷಗಿರಿ ಹೋದ ದೇಶ ಅದು.

ಬಟನ್ ಇಡುವುದರಿಂದ ಇಷ್ಟಾದರೆ, ತೆಗೆಯುವುದರಿಂದ? ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ತೈವಾನಿನ ಕತೆ. 2014ರಲ್ಲಿ ಚೀನಾ ಜೊತೆಗಿನ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ಅಲ್ಲಿನ ವಿದ್ಯಾರ್ಥಿಗಳು ಮೂರು ವಾರಕ್ಕೂ ಮೀರಿ ಸಂಸತ್ ಭವನದಲ್ಲೇ ಕೂತುಬಿಟ್ಟರು. ಆಮೇಲೆ ಸರ್ಕಾರಕ್ಕೂ ಜನರ ಮಾತು ಕೇಳುವ ಬೇರೆ ದಾರಿ ಬೇಕು ಅನ್ನಿಸಿತು. ಗವ್ ಝೀರೋ ಅನ್ನುವ ಸ್ವಯಂಸೇವಕರ ಬಳಗ ಸೇರಿ ವಿತೈವಾನ್ ಅಂತ ಒಂದು ಚರ್ಚೆಯ ವ್ಯವಸ್ಥೆ ಕಟ್ಟಿತು. 2015ರಲ್ಲಿ ಊಬರ್ ಬೇಕೋ ಬೇಡವೋ ಅನ್ನುವ ಜಗಳ ಅಲ್ಲಿಗೆ ಬಂತು. ಟ್ಯಾಕ್ಸಿಯವರು ಒಂದು ಕಡೆ, ಊಬರ್ ಮೆಚ್ಚಿದವರು ಇನ್ನೊಂದು ಕಡೆ, ಇಬ್ಬರಿಗೂ ಸಿಟ್ಟು.

ಅದಕ್ಕೆ ಬಳಸಿದ ಸಲಕರಣೆಯ ಹೆಸರು ಪೊಲಿಸ್. ಅದರಲ್ಲಿ ನೀವು ಒಂದು ಅಭಿಪ್ರಾಯ ಬರೆಯಬಹುದು. ಬೇರೆಯವರು ಬರೆದದ್ದಕ್ಕೆ ಒಪ್ಪುತ್ತೇನೆ, ಒಪ್ಪುವುದಿಲ್ಲ, ಮುಂದಕ್ಕೆ ಹೋಗು ಅನ್ನಬಹುದು. ಉತ್ತರ ಕೊಡುವ ಹಾಗಿಲ್ಲ. ಉತ್ತರದ ಬಟನ್ನನ್ನೇ ಇಟ್ಟಿಲ್ಲ. ನಿಮಗೆ ಎಷ್ಟೇ ಉರಿದರೂ ಅವನಿಗೆ ತಿರುಗಿ ಹೇಳಲು ಆಗುವುದಿಲ್ಲ. ಬೇಕಾದರೆ ನಿಮ್ಮದೇ ಒಂದು ಹೊಸ ಮಾತು ಬರೆಯಿರಿ, ಅದನ್ನು ಎಲ್ಲರೂ ತೂಗಿ ನೋಡಲಿ. ಒಂದೇ ಥರ ಒತ್ತಿದವರನ್ನು ಅದು ನಕ್ಷೆಯಲ್ಲಿ ಹತ್ತಿರ ಹತ್ತಿರ ಕೂರಿಸುತ್ತದೆ. ಗುಂಪುಗಳು ಕಣ್ಣಿಗೆ ಕಾಣುತ್ತವೆ. ಜಗಳ ಆಡುವ ಎರಡೂ ಗುಂಪು ಒಪ್ಪಿದ ಮಾತುಗಳನ್ನು ಎತ್ತಿ ತೋರಿಸುತ್ತದೆ. ಪ್ರಯಾಣಿಕರಿಗೆ ವಿಮೆ ಇರಬೇಕು ಅನ್ನುವಂಥ ಮಾತಿಗೆ ಎರಡೂ ಕಡೆಯವರು ಹೌದು ಅಂದಿದ್ದರು. ಕಿತ್ತಾಟದ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಿರಲಿಲ್ಲ, ಅಷ್ಟೇ.

ಐಸ್‌ಲ್ಯಾಂಡಿನ ರೆಯಕ್ಯಾವಿಕ್ ನಗರದಲ್ಲೂ 2010ರಿಂದ ಇಂಥದ್ದೇ ಒಂದು ಉಪಾಯ ಇದೆ. ಊರಿಗೆ ಏನಾಗಬೇಕು ಅಂತ ಜನ ಬರೆಯುತ್ತಾರೆ. ಅದರ ಕೆಳಗೆ ಎರಡು ಸಾಲು, ಎಡಗಡೆ ಪರವಾದ ವಾದ, ಬಲಗಡೆ ವಿರೋಧದ ವಾದ. ಎದುರಾಳಿಯ ವಾದದ ಕೆಳಗೆ ಹೋಗಿ ಅವನನ್ನು ಹೀಯಾಳಿಸಲು ಜಾಗವಿಲ್ಲ. ಅವನಿಗಿಂತ ಒಳ್ಳೆಯ ವಾದ ಬರೆಯುವುದೊಂದೇ ದಾರಿ. ಜನರ ಸ್ವಭಾವವೇ ಕೆಟ್ಟುಹೋಗಿದೆ, ಆನ್‌ಲೈನಿನಲ್ಲಿ ಎಲ್ಲರೂ ಕಚ್ಚಾಡುತ್ತಾರೆ ಅಂತ ನಾವು ಹೇಳುತ್ತಾ ಬಂದಿದ್ದೇವೆ. ಒಂದು ಬಟನ್ ತೆಗೆದರೆ ಅದೇ ಜನ ಬೇರೆ ಥರ ಮಾತಾಡುತ್ತಾರೆ. ಹಾಗಾದರೆ ಕಚ್ಚಾಟ ನಮ್ಮ ಸ್ವಭಾವದಲ್ಲಿ ಎಷ್ಟಿದೆ, ನಮಗೆ ಕೊಟ್ಟ ಅಂಗಳದಲ್ಲಿ ಎಷ್ಟಿದೆ?

ಅಂಗಳ ಚೆನ್ನಾಗಿದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ಮಾತ್ರ ತಿಳಿಯಬೇಡಿ. ವಿತೈವಾನ್‌ನಲ್ಲಿ ಬಂದದ್ದನ್ನು ಸರ್ಕಾರ ಒಪ್ಪಲೇಬೇಕು ಅನ್ನುವ ಕಟ್ಟುಪಾಡು ಇರಲಿಲ್ಲ. ಅದಕ್ಕಿಂತ ನೋವಿನ ಕತೆ ಐಸ್‌ಲ್ಯಾಂಡಿನದೇ. 2008ರಲ್ಲಿ ಅಲ್ಲಿನ ಬ್ಯಾಂಕುಗಳು ಮುಳುಗಿದ ಮೇಲೆ ಜನ ಹೊಸ ಸಂವಿಧಾನ ಬೇಕು ಅಂದರು. 2010ರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದ ಸುಮಾರು 950 ಜನ ಒಂದು ದಿನ ಕೂತು ಚರ್ಚಿಸಿದರು. 2011ರಲ್ಲಿ 25 ಜನರ ಸಮಿತಿ ಕರಡು ಬರೆಯಿತು, ಬರೆದ ಹಾಗೆಲ್ಲ ಅಂತರ್ಜಾಲದಲ್ಲಿ ಹಾಕಿತು, ಫೇಸ್‌ಬುಕ್‌ನಲ್ಲಿ ಬಂದ ಸಲಹೆಗಳನ್ನು ಓದಿ ತಿದ್ದಿತು. 2012ರ ಅಕ್ಟೋಬರಿನಲ್ಲಿ ಜನಮತ ಕೇಳಿದಾಗ ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನ ಇದರ ಆಧಾರದ ಮೇಲೆ ಸಂವಿಧಾನ ಆಗಲಿ ಅಂದರು. ಸಂಸತ್ತು ಅದನ್ನು ಅಂಗೀಕರಿಸಲೇ ಇಲ್ಲ. ಮುಂದಿನ ವರ್ಷ ಚುನಾವಣೆ ಬಂತು, ಕರಡು ಅಲ್ಲೇ ಉಳಿಯಿತು. ಕೊಳವೆ ಹಾಕಿದರು, ನಲ್ಲಿ ಕೂರಿಸಿದರು, ಆ ತುದಿಯನ್ನು ಟ್ಯಾಂಕಿಗೆ ಜೋಡಿಸಿರಲಿಲ್ಲ.

ಒಳ್ಳೆಯ ಡಿಸೈನ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಎಸ್ಟೋನಿಯಾ ಕಡೆ ಬೆರಳು ತೋರಿಸುತ್ತೇನೆ, ಸ್ವಲ್ಪ ಅನುಮಾನ ಇಟ್ಟುಕೊಂಡೇ. ಅಲ್ಲಿ 2005ರಿಂದ ಮನೆಯಿಂದಲೇ ಕಂಪ್ಯೂಟರಿನಲ್ಲಿ ಮತ ಹಾಕಬಹುದು. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಹಾಗೆ ಬಂತು. ಮನೆಯಲ್ಲಿ ಮತ ಹಾಕುವಾಗ ಗಂಡನೋ ಯಜಮಾನನೋ ಹಿಂದೆ ನಿಂತು ಇವರಿಗೇ ಹಾಕು ಅಂದರೆ? ಅದಕ್ಕೆ ಅವರು ಮಾಡಿರುವ ಉಪಾಯ ಸರಳ. ಆನ್‌ಲೈನಿನಲ್ಲಿ ಎಷ್ಟು ಸಲ ಬೇಕಾದರೂ ಮತ ಹಾಕಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಅದೇ ಅಂತಿಮ. ಹಿಂದೆ ನಿಂತವನ ಎದುರು ಅವನು ಹೇಳಿದ್ದನ್ನು ಒತ್ತು, ಅವನು ಹೋದ ಮೇಲೆ ನಿನ್ನದನ್ನು ಒತ್ತು. ಹೆದರಿಕೊಂಡು ಕೂತ ಒಬ್ಬಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಯಾರೋ ಇದನ್ನು ಯೋಚಿಸಿದ್ದಾರೆ. ಅನುಮಾನ ಯಾಕೆಂದರೆ, ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಮತಯಂತ್ರಗಳ ಬಗ್ಗೆ ಒಂದು ಮಾತು ಹೇಳಿತು: ಮತ ಎಣಿಕೆ ಸರಿಯಾಗಿದೆಯೇ ಅಂತ, ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಮನುಷ್ಯನೂ ತಾನೇ ಪರೀಕ್ಷಿಸಲು ಆಗಬೇಕು. ಆ ಮಾತನ್ನು ದಾಟಿ ಹೋಗಲು ನನಗೆ ಇನ್ನೂ ಆಗಿಲ್ಲ.

ದೀಪ ಏನಾಯಿತು ಅಂತ ಹೇಳದೆ ಬಿಟ್ಟರೆ ಬೈಯುತ್ತೀರಿ.

ಎರಡನೇ ದೂರು "ಬಗೆಹರಿದ" ಹನ್ನೊಂದು ದಿನಕ್ಕೆ, ಸಂಜೆ ಮನೆಗೆ ಬರುವಾಗ ತಿರುವಿನಲ್ಲಿ ಏಣಿ ಕಂಡಿತು. ಪಕ್ಕದ ರಸ್ತೆಗೆ ಬೇರೆ ಕೆಲಸಕ್ಕೆ ಬಂದಿದ್ದ ಲೈನ್‌ಮನ್. ಅವರನ್ನು ಹಿಡಿದು ನಿಲ್ಲಿಸಿ ಕತೆಯೆಲ್ಲ ಹೇಳಿದೆ. ಅವರು ನಗಲಿಲ್ಲ. ಕಂಬದ ಬುಡದ ಪೆಟ್ಟಿಗೆ ತೆಗೆದು ನೋಡಿ, "ಟೈಮರ್ ತಿರುಗುಮುರುಗಾಗಿದೆ ಸರ್. ಅದರ ಪಾಲಿಗೆ ಈಗ ಬೆಳಗಾಗ್ತಿದೆ" ಅಂದರು. ಐದು ನಿಮಿಷದ ಕೆಲಸ. ದೀಪ ಹತ್ತಿತು. ಬೆಳಕು ರಸ್ತೆಗೆ ಬಿತ್ತು. ಅಜ್ಜ ಗೇಟಿನವರೆಗೆ ಬಂದು ನೋಡಿ ಹೋದರು.

"ಆ ಫೋಟೊ ತೆಗೆದದ್ದು ನೀವೇನಾ?" ಅಂತ ಕೇಳಿದೆ.

"ನಾನೋ, ನಮ್ಮ ಹುಡುಗನೋ. ದಿನಕ್ಕೆ ಇಷ್ಟು ಅಂತ ಇರುತ್ತೆ ಸರ್. ಉರೀತಿರೋ ದೀಪದ ಫೋಟೊ ಹಾಕದಿದ್ರೆ ದೂರು ಮುಚ್ಚೋಕೇ ಬಿಡಲ್ಲ ಅದು. ಉರೀತಿತ್ತು, ತೆಗೆದ್ವಿ."

ಪೆಟ್ಟಿಗೆ ಮುಚ್ಚಿ ಕೈ ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದ ಕೇಳಿದರು. "ಸರ್, ಒಂದು ಹೊಸ ದೂರು ಹಾಕ್ಬಿಡ್ತೀರಾ? ಇಲ್ಲಾಂದ್ರೆ ನಾನು ಇಲ್ಲಿಗೆ ಬಂದಿದ್ದಕ್ಕೆ ಲೆಕ್ಕ ಇರಲ್ಲ."

ಫೋನ್ ತೆಗೆದೆ. ಪಟ್ಟಿಯಲ್ಲಿ ಅದೇ ನಾಲ್ಕು ಸಾಲು. ಉರಿಯುತ್ತಿರುವ ದೀಪದ ಕೆಳಗೆ ನಿಂತು "ದೀಪ ಉರಿಯುತ್ತಿಲ್ಲ" ಒತ್ತಿದೆ. ಅವರ ಫೋನ್ ಟಿಂಗ್ ಅಂತು. ಅವರು ಎರಡು ಹೆಜ್ಜೆ ಹಿಂದೆ ಹೋಗಿ ಫೋಟೊ ತೆಗೆದರು. ನನ್ನ ಫೋನ್ ಟಿಂಗ್ ಅಂತು.